ಲ್ಯಾಂಬ್ಡಾ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಕಾರಿನ ಹೊಟ್ಟೆಯಡಿ ಅವಿತಿರುವ ಆಕ್ಸಿಜನ್ ಸೆನ್ಸರ್. ಪ್ರಯೋಜನ, ಲೇಬರ್ ಚಾರ್ಜಿನಿಂದ ಮುಕ್ತಿ. ಸಂಬಂಧ, ಡ್ಯಾಶ್‌ಬೋರ್ಡಿನ ಹಳದಿ ದೀಪಕ್ಕೂ ಗೃಹಸ್ಥನ ರಕ್ತದೊತ್ತಡಕ್ಕೂ ಇರುವಂಥದ್ದು. ಅಧಿಕಾರಿ ಯಾರೆಂದರೆ, 22 ಎಂಎಂ ಸ್ಪ್ಯಾನರ್ ಉಳ್ಳವನು. ಅಥವಾ ಅದುಳ್ಳ ನೆರೆಯವನೊಂದಿಗೆ ಮಾತು ಬಿಡದಿರುವವನು.

ಪರಂಪರೆಯ ಮೂಲಪುರುಷರು ಜರ್ಮನಿಯ ವಾಲ್ಟರ್ ನೆರ್ನ್ಸ್ಟ್, 1920ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕೃತರು. ಅವರ ಸಮೀಕರಣವನ್ನು ಬಾಷ್ ಕಂಪನಿಯವರು ಜಿರ್ಕೋನಿಯಾ ಪಿಂಗಾಣಿಯ ಬೆರಳಲ್ಲಿ ಅಡಗಿಸಿ, 1976ರಲ್ಲಿ ವೋಲ್ವೋ ಕಾರಿನ ಹೊಗೆಕೊಳವೆಯಲ್ಲಿ ಪ್ರತಿಷ್ಠಾಪಿಸಿದರು. ಬೆರಳಿನ ಹೊರಗೆ ಹೊಗೆ, ಒಳಗೆ ಲೋಕದ ಗಾಳಿ. ಎರಡರ ಆಮ್ಲಜನಕದ ಅಂತರವೇ ವೋಲ್ಟೇಜು. ಪೆಟ್ರೋಲು ಹೆಚ್ಚಾದರೆ 0.9ರ ಆಸುಪಾಸು, ಗಾಳಿ ಹೆಚ್ಚಾದರೆ 0.1. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಸಮಸ್ಥಿತಿಯೇ ಲ್ಯಾಂಬ್ಡಾ ಒಂದು, ಅರ್ಥಾತ್ ಅದ್ವೈತ. ಸುಮಾರು 300 ಡಿಗ್ರಿ ಕಾಯುವ ತನಕ ಈ ಬೆರಳು ಮೌನವ್ರತದಲ್ಲಿರುತ್ತದೆ. ವ್ರತ ಬೇಗ ಮುರಿಯಲೆಂದೇ ಒಳಗೊಂದು ಹೀಟರ್ ಇಟ್ಟಿದ್ದಾರೆ.

ಇನ್ನು ಕೆಟ್ಟ ಸೆನ್ಸರನ್ನು ಬಿಚ್ಚುವ ಪ್ರಕರಣ. ಪಂಡಿತರು ಕಚ್ಚಾಡುವುದು ಇಲ್ಲಿಯೇ. ಎಂಜಿನ್ ಬಿಸಿಯಿರುವಾಗಲೇ ಬಿಚ್ಚತಕ್ಕದ್ದು, ಲೋಹ ಹಿಗ್ಗಿ ಥ್ರೆಡ್ ಸಡಿಲವಾಗುತ್ತದೆ ಎಂಬುದು ಉಷ್ಣವಾದಿಗಳ ಮತ. ಇವರನ್ನು ಅಂಗೈಯ ಬೊಬ್ಬೆಗಳಿಂದ ಗುರುತಿಸಬಹುದು. ಪೂರ್ತಿ ಆರಿದ ಮೇಲೆ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲ ನೆನೆಸಬೇಕೆನ್ನುವವರು ಶೀತವಾದಿಗಳು. ಇವರ ಕೈ ನುಣ್ಣಗಿದೆ, ಸೆನ್ಸರ್ ಮಾತ್ರ ಇನ್ನೂ ಅಲ್ಲೇ ಇದೆ. ರಾತ್ರಿ ನೆನೆಸಿ, ಬೆಳಿಗ್ಗೆ ಎಂಜಿನ್ನನ್ನು ಕೊಂಚ ಹೊತ್ತು ಓಡಿಸಿ ಆರಿಸಿ, ಉಗುರುಬೆಚ್ಚಗಿರುವಾಗ ಕೈಗವಸು ತೊಟ್ಟು ತಿರುಗಿಸುವ ವಿಶಿಷ್ಟಾದ್ವೈತವೇ ಪ್ರಸ್ತುತ ಲೇಖಕನಿಗೆ ಸಮ್ಮತ. ವೈರು ನುಸುಳಲು ಸೀಳಿರುವ ಸಾಕೆಟ್ ಬೇಕೆಂಬಲ್ಲಿ ಮೂರು ಪಂಥಕ್ಕೂ ಒಮ್ಮತ. ಬರಿ ಜ್ಯಾಕನ್ನು ನಂಬಿ ಕಾರಿನಡಿ ತೂರುವವನಿಗೆ ಮುಕ್ತಿ ಬೇರೆಯದೇ ರೀತಿಯಲ್ಲಿ ಲಭಿಸುವುದರಿಂದ ಸ್ಟ್ಯಾಂಡ್ ಕಡ್ಡಾಯ. ಹೊಸದರ ಥ್ರೆಡ್ಡಿಗೆ ಗ್ರೀಸಿನಂಥ ಆ್ಯಂಟಿಸೀಜ್ ಲೇಪನ ಉಂಟು. ತುದಿಗೆ ತಗಲಿತೋ, ಮೈಲಿಗೆ.

ಪೂರ್ವಪಕ್ಷವನ್ನು ಮಂಡಿಸಿದವರು ಬೀದಿ ಕೊನೆಯ ಮೇಸ್ತ್ರಿ: “ಸಾರ್, ಸ್ಕ್ಯಾನರಲ್ಲಿ ಸೆನ್ಸರ್ ಅಂತ ಬಂದ್ರೆ ಸೆನ್ಸರೇ ಕೆಟ್ಟಿದೆ ಅಂತಲ್ಲ. ಸೈಲೆನ್ಸರ್ ಪೈಪು ಸೀಳಿ ಗಾಳಿ ಎಳ್ಕೊಂಡ್ರೂ ಅದು ಹಾಗೇ ಹೇಳುತ್ತೆ. ಪಾಪ, ಅದು ಮೂಸಿದ್ದನ್ನ ಹೇಳುತ್ತೆ ಅಷ್ಟೇ.” ಈ ವಾದಕ್ಕೆ ಖಂಡನೆ ಸಾಧ್ಯವಿಲ್ಲದ್ದರಿಂದ ಶಾಸ್ತ್ರಸಂಪ್ರದಾಯದಂತೆ ಇದನ್ನು ಗ್ರಂಥವಿಸ್ತರಭಯದಿಂದ ಇಲ್ಲಿಗೇ ಬಿಡಲಾಗಿದೆ.

ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲಿರುವ ಸೆನ್ಸರ್ ಪೆಟ್ರೋಲಿನ ಅಳತೆಯನ್ನು ತಿದ್ದಿಸುತ್ತಲೇ ಇರುತ್ತದೆ, ಅದು ಕರ್ಮಕಾಂಡ. ಕನ್ವರ್ಟರಿನ ಆಚೆಗೂ ಒಂದುಂಟು. ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿರುವುದೇ ಅದರ ಮುಖ್ಯ ಕಸುಬಾದ್ದರಿಂದ ಅದು ಸಾಕ್ಷಿಸ್ವರೂಪಿ, ಉತ್ತರ ಮೀಮಾಂಸೆಯ ವಸ್ತು. ಇದನ್ನರಿಯದ ಕೆಲವು ಮುಮುಕ್ಷುಗಳು ಮೊದಲನೆಯದಕ್ಕೆ ತಂದ ಸೆನ್ಸರನ್ನು ಎರಡನೆಯದರ ಜಾಗದಲ್ಲಿ ಕೂರಿಸಿ, ದೀಪ ಇನ್ನೂ ಯಾಕೆ ಉರಿಯುತ್ತಿದೆಯೆಂದು ಮೇಸ್ತ್ರಿಯನ್ನೇ ಕೇಳುತ್ತಾರೆ.