ಟಿಪ್ಸ್ ಕಾಯುವ ಸಾಹುಕಾರರಿಗೊಂದು ಬಹಿರಂಗ ಪತ್ರ

ಹಿರಿಯೂರಿನ ಆಚೆಗೂ ಈಚೆಗೂ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ಬಸ್ಸು ನಿಲ್ಲಿಸಿ ನಮ್ಮ ಹೊಟ್ಟೆ ತುಂಬಿಸುವ ಸಮಸ್ತ ಹೋಟೆಲ್ ಸಾಹುಕಾರರಿಗೆ ಮತ್ತೋಡಿನ ಗಿರಾಕಿಯೊಬ್ಬನ ನಮಸ್ಕಾರಗಳು.

ಮೊದಲು ನಿಮಗೆ ಕೃತಜ್ಞತೆ ಹೇಳಬೇಕು. ಗಲ್ಲಾದ ಮೇಲೆ ಕ್ಯೂಆರ್ ಕೋಡಿನ ಹಲಗೆ ಬಂದ ದಿನದಿಂದ ಸಪ್ಲೈಯರ್ ಹುಡುಗರ ಬಗ್ಗೆ ನೀವು ತೋರಿಸುತ್ತಿರುವ ಕಾಳಜಿ ಸಾಮಾನ್ಯದ್ದಲ್ಲ. ಹಿಂದೆಲ್ಲ ಬಿಲ್ಲಿನ ಜತೆ ಸೋಂಪಿನ ತಟ್ಟೆ ಬರುತ್ತಿತ್ತು. ನಾವು ಅದರಲ್ಲಿ ಬಿಟ್ಟ ಚಿಲ್ಲರೆಯನ್ನು ಹುಡುಗ ಜೇಬಿಗಿಳಿಸಿಕೊಂಡು ಅದರ ಭಾರಕ್ಕೆ ಸೊರಗುತ್ತಿದ್ದ. ಈಗ 380 ರೂಪಾಯಿ ಬಿಲ್ಲಿಗೆ ನಾವು 400 ಒತ್ತುತ್ತೇವೆ. ನಿಮ್ಮ ಮಾತಾಡುವ ಡಬ್ಬಿ ಅದನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಕೂಗು ಅಡುಗೆಮನೆಯ ತನಕ ಹೋಗುತ್ತದೆ, ಹೆಚ್ಚಿನ ಇಪ್ಪತ್ತು ರೂಪಾಯಿ ಮಾತ್ರ ಹೋಗುವುದಿಲ್ಲ. ಹುಡುಗನ ಭಾರ ನೀವು ಹೊತ್ತಿದ್ದೀರಿ. ಪುಣ್ಯವಂತರು!

ಈ ನಡುವೆ ಒಂದು ಕೆಟ್ಟ ಸುದ್ದಿ ಬಂದಿದೆ, ಕೂತು ಓದಿ. ಬ್ರಿಟನ್ನಿನವರು 2023ರಲ್ಲಿ ಟಿಪ್ಸ್ ಹಂಚಿಕೆಗೆಂದೇ ಕಾಯ್ದೆ ಮಾಡಿ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿದ್ದಾರೆ. ಗಿರಾಕಿ ಕೊಟ್ಟ ಟಿಪ್ಸ್ ಅಷ್ಟೂ ನೌಕರರಿಗೆ ಸೇರಬೇಕಂತೆ. ಕಾರ್ಡ್ ಯಂತ್ರದ ಖರ್ಚನ್ನೂ ಅದರಲ್ಲಿ ಮುರಿದುಕೊಳ್ಳುವಂತಿಲ್ಲವಂತೆ. ಈ ತಿಂಗಳು ಬಂದದ್ದನ್ನು ಮುಂದಿನ ತಿಂಗಳು ಮುಗಿಯುವುದರೊಳಗೆ ಹಂಚಬೇಕು, ಹಂಚುವ ಕ್ರಮ ಬರೆದಿಡಬೇಕು, ಲೆಕ್ಕವನ್ನು ಮೂರು ವರ್ಷ ಕಾಪಾಡಬೇಕು. ತನಗೆ ಮೋಸವಾಯಿತು ಎಂದು ತಟ್ಟೆ ಎತ್ತುವವನೂ ನ್ಯಾಯಮಂಡಳಿಗೆ ಹೋಗಬಹುದು. ಇನ್ನೂರು ವರ್ಷ ನಮ್ಮನ್ನು ದೋಚಿದ ಜನ ಈಗ ಚಿಲ್ಲರೆಗೆ ನ್ಯಾಯ ಹೇಳಲು ಕೂತಿದ್ದಾರೆ.

ಲೆಕ್ಕ ಪಾರದರ್ಶಕವಾಗಿರಬೇಕು ಎಂಬ ಮಾತೂ ಬ್ರಿಟನ್ನಿನ ಆ ಕಾಯ್ದೆಯಲ್ಲಿದೆ. ಇಲ್ಲಿ ನಮ್ಮೂರಿನ ಒಂದು ಸಂಗತಿ ಹೇಳಲೇಬೇಕು. 1800ರ ಸುಮಾರಿಗೆ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಗಾಜು ಒರಟು, ಆಚೆಯದು ಈಚೆಗೆ ಕಾಣುತ್ತಿರಲಿಲ್ಲ, ಐದು ಬಣ್ಣಗಳಿದ್ದರೂ ಕಪ್ಪಿಗೇ ಹೆಚ್ಚು ಬೇಡಿಕೆ. ನಿಮ್ಮ ಟಿಪ್ಸ್ ಲೆಕ್ಕ ನೋಡಿದಾಗೆಲ್ಲ ನಮಗೆ ಆ ಗಾಜಿನದೇ ನೆನಪು. ಕುಲುಮೆ ಆರಿದರೂ ಕಸುಬು ಹೆದ್ದಾರಿಗೆ ಬಂದು ಉಳಿದುಕೊಂಡಿದೆ.

ನಮ್ಮ ದೇಶದಲ್ಲಿ ಅಂಥ ಕಾಯ್ದೆ ಇಲ್ಲ, ನಿಶ್ಚಿಂತರಾಗಿರಿ. ಕೋರ್ಟುಗಳು ಮಾತ್ರ ಆಗಾಗ ಕಿರಿಕಿರಿ ಮಾಡುತ್ತವೆ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1976ರಷ್ಟು ಹಿಂದೆಯೇ, ಗಿರಾಕಿ ನೌಕರರಿಗೆಂದು ಕೊಟ್ಟದ್ದು ಮಾಲೀಕನ ಹಣವಲ್ಲ ಎಂದುಬಿಟ್ಟಿತು. ನಮ್ಮ ಮೈಸೂರಿನ ಸದರ್ನ್ ಸ್ಟಾರ್ ಹೋಟೆಲಿನ ಇಎಸ್‌ಐ ತಕರಾರೂ ಅಲ್ಲಿಯ ತನಕ ಹೋಯಿತು. ಗಿರಾಕಿಗಳಿಂದ ಪಡೆದು ನೌಕರರಿಗೆ ಹಂಚಿದ ಸರ್ವಿಸ್ ಚಾರ್ಜು ಸಂಬಳವಲ್ಲ, ಟಿಪ್ಸಿನಂತೆಯೇ ಎಂದು ತೀರ್ಪಾಯಿತು. 2016ರಲ್ಲಿ ಐಟಿಸಿ ಪ್ರಕರಣದಲ್ಲಿ, ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹಂಚಿದರೆ ಮಾಲೀಕ ಅದಕ್ಕೆ ಟಿಡಿಎಸ್ ಮುರಿಯಬೇಕಾಗಿಲ್ಲ ಎಂದೂ ಆಯಿತು. ಅಂದರೆ 'ಹಂಚಲು ಮನಸ್ಸಿದೆ, ಆದರೆ ಇನ್‌ಕಮ್ ಟ್ಯಾಕ್ಸಿನವರು ಬಿಡಬೇಕಲ್ಲ' ಎಂಬ ನಿಮ್ಮ ನೆಪಕ್ಕೆ ಈಗ ಕಾಲಿಲ್ಲ. ಬೇರೆ ನೆಪ ಹುಡುಕಿಕೊಳ್ಳಿ.

ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸಿಬಿಡೋಣ ಎಂಬ ಉಪಾಯವೂ ಕೆಟ್ಟಿತು. ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಆ ವರ್ಷದ ಮೇ ತಿಂಗಳಲ್ಲಿ, ಗಾಡಿ ಬರುವ ಮೊದಲೇ ಟಿಪ್ಸ್ ಕೇಳುತ್ತಿದ್ದ ಟ್ಯಾಕ್ಸಿ ಆ್ಯಪ್ ಮೇಲೆ ಕೇಂದ್ರ ಮಂತ್ರಿ, ನಮ್ಮ ಪ್ರಲ್ಹಾದ ಜೋಶಿಯವರೂ ಸಿಟ್ಟಾದರು. ಕೊಟ್ಟ ಮೇಲೆ ಮಾಯವಾಗುವ ಟಿಪ್ಸ್ ಬಗ್ಗೆ ಯಾವ ಮಂತ್ರಿಯೂ ಸಿಟ್ಟಾದಂತೆ ಕಾಣೆ. ಅದೇ ನಿಮ್ಮ ಭಾಗ್ಯ.

ಆದರೂ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಸ್ಸು ನಿಂತೊಡನೆ ಡ್ರೈವರು, ಕಂಡಕ್ಟರನ್ನು ಒಳಗೆ ಕೂರಿಸಿ ಪುಕ್ಕಟೆ ಊಟ ಬಡಿಸುತ್ತೀರಲ್ಲ, ಯಾಕೆ? ನಾಳೆಯೂ ಬಸ್ಸು ನಿಮ್ಮಲ್ಲೇ ನಿಲ್ಲಲಿ ಎಂದು. ಮುಲಾಜಿಗೆ ಬಿದ್ದವನು ಬಿಟ್ಟು ಹೋಗುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಟೀರಿಂಗ್ ಹಿಡಿದವನಿಗೆ ಒಪ್ಪುವ ಈ ಲೆಕ್ಕ ಲೋಟ ಹಿಡಿದವನಿಗೆ ಯಾಕೆ ಒಪ್ಪುವುದಿಲ್ಲ? ನಮ್ಮ ಕಡೆಯ ಹುಡುಗರು ನಿಮ್ಮಲ್ಲಿ ಕೆಲಸ ಕಲಿತು, ಅಡ್ವಾನ್ಸ್ ಇಸಕೊಂಡು, ಒಂದು ರಾತ್ರಿ ಬೆಂಗಳೂರು ಬಸ್ಸು ಹತ್ತುತ್ತಾರೆ. ನೀವು 'ಈಗಿನ ಹುಡುಗರಿಗೆ ನಿಯತ್ತಿಲ್ಲ' ಎಂದು ನಿಟ್ಟುಸಿರು ಬಿಟ್ಟು ಹೊಸಬನಿಗೆ ಬಡಿಸುವುದು ಕಲಿಸುತ್ತೀರಿ. ಅವನು ನಾಲ್ಕು ಲೋಟ ಒಡೆದು, ಸಾಂಬಾರನ್ನು ಗಿರಾಕಿಯ ಪಂಚೆಗೆ ಬಡಿಸುವ ಹೊತ್ತಿಗೆ, ಉಳಿಸಿಕೊಂಡ ಟಿಪ್ಸ್ ಎಷ್ಟು, ಕಳೆದುಕೊಂಡ ಗಿರಾಕಿಗಳೆಷ್ಟು, ಒಮ್ಮೆ ಕೂಡಿ ನೋಡಿ. ಹಂಚುವ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದರೆ, ಗಿರಾಕಿಯ ಮುಖವನ್ನೇ ಕಾಣದೆ ಹೊಗೆಯಲ್ಲಿ ದೋಸೆ ಹುಯ್ಯುವವನಿಗೂ ತಟ್ಟೆ ತೊಳೆಯುವವಳಿಗೂ ಪಾಲು ಸಿಗುತ್ತದೆ. ದೊಡ್ಡ ಟೇಬಲ್ಲಿಗಾಗಿ ಹುಡುಗರು ಕಿತ್ತಾಡುವುದು ಕಡಿಮೆಯಾಗುತ್ತದೆ. ಸಾಹುಕಾರ್ರು ತಿಂದರು ಎಂಬ ಗುಸುಗುಸುವೂ ನಿಲ್ಲುತ್ತದೆ.

ಇದನ್ನೋದಿ ಹುರುಪಿನಿಂದ 'ಟಿಪ್ಸ್ ಕೊಡುತ್ತೇವೆ, ಸಂಬಳ ಇಳಿಸುತ್ತೇವೆ' ಎನ್ನಬೇಡಿ. ಆ ಜಾಣತನ ಅಮೆರಿಕದವರು ಆಗಲೇ ಮಾಡಿದ್ದಾರೆ. ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, ಅದೂ 1991ರಿಂದ ಅಲ್ಲಾಡಿಲ್ಲ. ಉಳಿದದ್ದನ್ನು ಗಿರಾಕಿಯ ಮರ್ಜಿ ತುಂಬಬೇಕು, ಅದು ಸಾಲದಿದ್ದರೆ ಮಾತ್ರ ಮಾಲೀಕ. ಸಂಬಳ ನಿಮ್ಮದು, ಟಿಪ್ಸ್ ನಮ್ಮದು. ಎರಡನ್ನೂ ಕಲಸಬೇಡಿ.

ಬೆಂಗಳೂರಿನ ವಿಧಾನಸೌಧದವರಿಗೂ ಇದರ ಒಂದು ಪ್ರತಿ ಕಳಿಸುತ್ತಿದ್ದೇನೆ. ಆ್ಯಪ್ ನಂಬಿ ದುಡಿಯುವ ಗಿಗ್ ಕಾರ್ಮಿಕರಿಗೆ 2025ರಲ್ಲಿ ಕಾಯ್ದೆ ಮಾಡಿದವರಿಗೆ, ನಾಲ್ಕು ಸಾಲಿನ ಟಿಪ್ಸ್ ಕಾಯ್ದೆ ಕಷ್ಟವಾಗಲಾರದು.

ಓದುಗರೇ, ಅಲ್ಲಿಯ ತನಕ ಬಿಲ್ಲಿನಷ್ಟೇ ಸ್ಕ್ಯಾನ್ ಮಾಡಿ. ಟಿಪ್ಸನ್ನು ನೋಟಿನಲ್ಲಿ, ಬಡಿಸಿದವನ ಕೈಗೇ ಕೊಡಿ. ಕೇಳದೆ ಸರ್ವಿಸ್ ಚಾರ್ಜ್ ಹಾಕಿದ್ದರೆ ತೆಗೆಯಿರಿ ಎನ್ನಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿಯ ನಂಬರು 1915.

ಇಂತಿ,
ಮತ್ತೋಡಿನ ಒಬ್ಬ ಗಿರಾಕಿ