ವಸಂತ ಬಂತು, ಸ್ವಲ್ಪ ಪಕ್ಕಕ್ಕೆ ಸರೀರಿ

ಸರ್ಕಾರದ ಪಂಚಾಂಗದಲ್ಲಿ ವಸಂತ ವರ್ಷಕ್ಕೆ ಎರಡು ಸಲ ಬರುತ್ತದೆ. ಜನವರಿ 26ರ ಆಸುಪಾಸಿನಲ್ಲಿ ಒಂದು, ಆಗಸ್ಟ್ 15ರ ಆಸುಪಾಸಿನಲ್ಲಿ ಇನ್ನೊಂದು. ಹೆಸರು ಫಲಪುಷ್ಪ ಪ್ರದರ್ಶನ, ಸ್ಥಳ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಟಿಕೆಟ್ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ, ಹೊರಗೆ ಕಡಲೆಪುರಿ, ಉಪ್ಪು ಖಾರ ಸವರಿದ ಮಾವಿನಕಾಯಿ, ಬಲೂನು. ಒಳಗೆ ‘ಹುಲ್ಲಿನ ಮೇಲೆ ಕೂರಬಾರದು’ ಎಂಬ ಫಲಕ, ಆ ಫಲಕಕ್ಕೇ ಒರಗಿಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿದ ಸಂಸಾರ. ನಿಜವಾದ ವಸಂತ ಇವೆರಡರ ನಡುವೆ, ಫೆಬ್ರವರಿ ಮುಗಿಯುವ ಹೊತ್ತಿಗೆ ಬರುತ್ತದೆ. ಅದಕ್ಕೆ ಶಿಷ್ಟಾಚಾರ ತಿಳಿಯದು. ಯಾವ ಇಲಾಖೆಗೂ ಅರ್ಜಿ ಹಾಕದೆ, ರಿಬ್ಬನ್ ಕತ್ತರಿಸುವವರಿಗೆ ಕಾಯದೆ, ಕಬ್ಬನ್ ಪಾರ್ಕಿನಲ್ಲಿ ಟಬೆಬುಯಾ ಮರಗಳು ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ ಮೈತುಂಬ ಗುಲಾಬಿ ಬಣ್ಣ ಹೊದ್ದುಕೊಂಡು ನಿಂತುಬಿಡುತ್ತವೆ. ಪ್ರವೇಶ ಉಚಿತ. ಬಹುಶಃ ಅದಕ್ಕೇ ನಮಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ.

ಮೊದಲು ಟಿಕೆಟ್ಟಿನ ವಸಂತವನ್ನೇ ಮುಗಿಸಿಬಿಡೋಣ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ, ರಾಜಕುಮಾರ ಆಲ್ಬರ್ಟ್ ವಿಕ್ಟರ್. ಕಟ್ಟಡಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಅಂದರೆ ಇನ್ನೊಂದರ ಹಾಗೆ ಕಾಣಬೇಕು ಎನ್ನುವುದು ಆ ಜಾಗದ ಜಾತಕದಲ್ಲೇ ಬರೆದಿತ್ತು. ಈಗ ಅಲ್ಲಿ ಹೂವು ನೋಡಲು ಯಾರೂ ಹೋಗುವುದಿಲ್ಲ, ಹೂವಿನಲ್ಲಿ ಏನು ಮಾಡಿದ್ದಾರೆ ಎಂದು ನೋಡಲು ಹೋಗುತ್ತಾರೆ. ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದರ ಮೈಗೆಲ್ಲ ಲಕ್ಷಗಟ್ಟಲೆ ಗುಲಾಬಿ, ಸೇವಂತಿಗೆ ಚುಚ್ಚಿ, ಬಾಡಿದ್ದನ್ನು ಕಿತ್ತು ಹೊಸದು ಚುಚ್ಚಿ, ಕೊನೆಗೆ ಒಂದು ಕಟ್ಟಡವನ್ನೋ ಒಬ್ಬ ಮಹನೀಯರನ್ನೋ ತಯಾರು ಮಾಡುತ್ತಾರೆ. 2023ರ ಆಗಸ್ಟ್‌ನಲ್ಲಿ ವಿಧಾನಸೌಧ ಮತ್ತು ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಸರದಿ. ಅಸಲಿ ವಿಧಾನಸೌಧ ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಬಿಎಂಟಿಸಿ ಬಸ್ಸಿನ ಕಿಟಕಿಯಿಂದಲೇ ಕಾಣುವ ಹಾಗೆ ಗಟ್ಟಿಮುಟ್ಟಾಗಿ ನಿಂತಿತ್ತು. ಆದರೂ ಜನ ದುಡ್ಡು ಕೊಟ್ಟು ಹೂವಿನದನ್ನು ನೋಡಿ ಬಂದರು. ತಪ್ಪೇನಿಲ್ಲ ಬಿಡಿ. ಹೂವಿನ ವಿಧಾನಸೌಧದ ಒಳಗೆ ಯಾರೂ ಕೂರುವಂತಿರಲಿಲ್ಲ, ಅಷ್ಟರ ಮಟ್ಟಿಗೆ ಅದು ಕಲ್ಲಿನದಕ್ಕಿಂತ ವಾಸಿ.

2024ರ ಜನವರಿಗೆ ಬಸವಣ್ಣ ಮತ್ತು ವಚನ ಸಾಹಿತ್ಯ. ಸ್ಥಾವರವನ್ನು ನಂಬದಿದ್ದ ಅಣ್ಣನವರ ಹೆಸರಿನಲ್ಲಿ ಕಬ್ಬಿಣದ ಸಲಾಕೆಯ ಮೇಲೆ ಹೂವಿನ ಸ್ಥಾವರ ಎದ್ದಿತು. ಎಂಟುನೂರು ವರ್ಷ ಕಾದರೆ ಎಂಥ ಬಂಡಾಯವನ್ನೂ ಹೂದಾನಿಯಲ್ಲಿ ಇಡಬಹುದು ಎನ್ನುವುದು ತೋಟಗಾರಿಕೆಯ ಪಾಠ. ಆಮೇಲೆ ಅಂಬೇಡ್ಕರ್ ಬಂದರು, ವಾಲ್ಮೀಕಿ ಬಂದರು. ಇನ್ನೂ ಬರುವವರಿದ್ದಾರೆ. ನಾಡಿನಲ್ಲಿ ಮಹನೀಯರಿಗೂ ಬರವಿಲ್ಲ, ಸೇವಂತಿಗೆಗೂ ಬರವಿಲ್ಲ. ಇಷ್ಟೆಲ್ಲದರ ನಡುವೆ ಒಂದು ಸೇವಂತಿಗೆ ಸೇವಂತಿಗೆಯಾಗಿಯೇ ಹೇಗಿರುತ್ತದೆ ಎಂದು ನೋಡಬೇಕೆನಿಸಿದವರು ಗಾಂಧಿಬಜಾರಿಗೆ ಹೋಗಬೇಕು. ಅಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತದೆ.

ಇನ್ನು ಟಿಕೆಟ್ ಇಲ್ಲದ ವಸಂತ. ಅದೂ ತಾನಾಗಿ ಬಂದಿದ್ದಲ್ಲ, ತಂದವರೊಬ್ಬರಿದ್ದರು. ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡಾದ ಮಹಾರಾಜರ ಹತ್ತಿರ ಕೆಲಸ ಮಾಡಿ 1908ರಲ್ಲಿ ಬೆಂಗಳೂರಿಗೆ ಬಂದವರು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಶುರು ಮಾಡಬೇಕು, ವರ್ಷದ ಯಾವ ತಿಂಗಳಲ್ಲೂ ಊರಿನ ಬೀದಿ ಬೋಳಾಗಿರಬಾರದು ಎಂದು ಲೆಕ್ಕ ಹಾಕಿ ಗಿಡ ನೆಡುವ ಪದ್ಧತಿ ಇಲ್ಲಿ ನಿಂತದ್ದು ಅವರಿಂದ. ಆ ಲೆಕ್ಕ ಇವತ್ತಿಗೂ ತಪ್ಪಿಲ್ಲ. ಚಳಿಗಾಲದಲ್ಲಿ ಕಡುಗುಲಾಬಿ ಟಬೆಬುಯಾ, ಶಿವರಾತ್ರಿ ಹೊತ್ತಿಗೆ ಹಳದಿ ಮತ್ತು ತಿಳಿಗುಲಾಬಿ, ಯುಗಾದಿ ಆಚೀಚೆ ಜಕರಂಡದ ನೇರಳೆ, ಆಮೇಲೆ ಕಕ್ಕೆಯ ಹಳದಿ ಜಲ್ಲಿ, ಶಾಲೆಗಳಿಗೆ ರಜೆ ಬಿಟ್ಟ ಮೇಲೆ ಗುಲ್‌ಮೊಹರ್ ಕೆಂಪು. ನಮ್ಮ ಊರಲ್ಲಿ ಹೇಳಿದ ವೇಳೆಗೆ ಸರಿಯಾಗಿ ನಡೆಯುವ ಸಾರ್ವಜನಿಕ ಕಾಮಗಾರಿ ಇದೊಂದೇ. ಗುತ್ತಿಗೆದಾರರಿಗೆ ಇದರಲ್ಲಿ ಪಾಲಿಲ್ಲ ಎನ್ನುವುದು ಕಾರಣವಿರಬಹುದು.

ಕ್ರುಂಬಿಗಲ್ 1956ರಲ್ಲಿ ಇದೇ ಊರಲ್ಲಿ ತೀರಿಕೊಂಡರು, ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಲಗಿದ್ದಾರೆ. ಲಾಲ್‌ಬಾಗಿನಲ್ಲಿ ಅವರ ಹೆಸರಿನದೊಂದು ಹಳೆಯ ಸಭಾಂಗಣ ಇತ್ತು. ಅದು 2017ರಲ್ಲಿ ಕುಸಿದು ಬಿತ್ತು. ಹೂವಿನಲ್ಲಿ ಕಟ್ಟಡ ಎಬ್ಬಿಸಲು ಬರುವವರಿಗೆ ಕಟ್ಟಿಟ್ಟದ್ದನ್ನು ನಿಲ್ಲಿಸಿಕೊಳ್ಳಲು ಬರಲಿಲ್ಲ.

ಈ ಮರಗಳ ಊರು ಕೇರಿ ವಿಚಾರಿಸಿದರೆ ಇನ್ನೊಂದು ತಮಾಷೆ. ಗುಲಾಬಿ ಟಬೆಬುಯಾ ಮಧ್ಯ ಅಮೆರಿಕದ ಕಡೆಯದು, ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ. ಜಕರಂಡ ದಕ್ಷಿಣ ಅಮೆರಿಕದಿಂದ, ಗುಲ್‌ಮೊಹರ್ ಮಡಗಾಸ್ಕರಿನಿಂದ. ಮೂವರೂ ಹೊರಗಿನವರೇ. ಬಾಡಿಗೆ ಮನೆಗೆ ಬರುವವರಿಗೆ ಊರು ಯಾವುದು, ಭಾಷೆ ಯಾವುದು, ಮಾಂಸ ತಿನ್ನುತ್ತೀರಾ ಎಂದು ಬಾಗಿಲಲ್ಲೇ ಪ್ರಶ್ನೆಪತ್ರಿಕೆ ಹಿಡಿಯುವ ಊರು, ಈ ವಲಸಿಗರನ್ನು ಒಂದು ಮಾತೂ ಕೇಳದೆ ಫುಟ್‌ಪಾತಿನ ಮೇಲೆ ಪರ್ಮನೆಂಟ್ ಮಾಡಿಕೊಂಡಿದೆ. ಅವು ಅಡ್ವಾನ್ಸ್ ಕೊಟ್ಟಿಲ್ಲ, ಕನ್ನಡ ಕಲಿತಿಲ್ಲ. ಬಿಸಿಲಲ್ಲಿ ನಿಂತು ನೆರಳು ಕೊಟ್ಟವು, ಅಷ್ಟೇ.

ಆದರೆ ನಾವು ಅವನ್ನು ಅವುಗಳ ಹೆಸರಿನಲ್ಲಿ ಕರೆಯುತ್ತೇವೆಯೇ? ಪ್ರತಿ ಮಾರ್ಚ್‌ನಲ್ಲೂ ಪತ್ರಿಕೆ, ಟಿವಿ, ಮೊಬೈಲು ಎಲ್ಲ ಕಡೆ ಒಂದೇ ಸುದ್ದಿ: ಬೆಂಗಳೂರು ಜಪಾನ್ ಆಗಿದೆ, ಇಲ್ಲೂ ಚೆರ್ರಿ ಬ್ಲಾಸಮ್! ಆ ಮರಕ್ಕೂ ಚೆರ್ರಿಗೂ ನೆಂಟಸ್ತಿಕೆ ಇಲ್ಲ. ಟಬೆಬುಯಾ ಸಸ್ಯಶಾಸ್ತ್ರದಲ್ಲಿ ಜಕರಂಡದ ಕುಟುಂಬಕ್ಕೆ ಸೇರಿದ್ದು, ಹೂವು ತುತ್ತೂರಿಯ ಆಕಾರದ್ದು. ಬಣ್ಣ ಗುಲಾಬಿ ಎನ್ನುವುದಷ್ಟೇ ಸಂಬಂಧ. ಆ ಲೆಕ್ಕದಲ್ಲಿ ಬಾಂಬೆ ಮಿಠಾಯಿಯೂ ಜಪಾನಿನದೇ. ಗಾಜಿನ ಮನೆಯಲ್ಲಿ ಸೇವಂತಿಗೆ ವಿಧಾನಸೌಧವಾಗಬೇಕು, ಕಬ್ಬನ್ ಪಾರ್ಕಿನಲ್ಲಿ ಟಬೆಬುಯಾ ಟೋಕಿಯೋ ಆಗಬೇಕು. ನಮ್ಮಲ್ಲಿ ಹೂವಿಗೆ ಹೂವಾಗಿ ಇರಲು ಪರವಾನಗಿ ಇಲ್ಲ. ಅದು ಇನ್ನೇನೋ ಆಗಿ ತೋರಿಸಿದರೆ ಮಾತ್ರ ಶಾಲಿನ ಸನ್ಮಾನ.

ಈಚೆಗೆ ಅದು ಇನ್ನೂ ಒಂದು ಅವತಾರ ಎತ್ತಿದೆ, ಹಿನ್ನೆಲೆಯ ಪರದೆ. ಮಾರ್ಚ್‌ನ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ. ಮರಕ್ಕೆ ಬೆನ್ನು ಹಾಕಿ ನಿಂತವರ ಸಂಖ್ಯೆ ಮುಖ ಮಾಡಿದವರಿಗಿಂತ ಯಾವಾಗಲೂ ಹೆಚ್ಚು. ಮದುವೆ ಆಗಲಿರುವ ಜೋಡಿ ಒಂದು ಮರದ ಕೆಳಗೆ, ಆಗಿ ಹೊಟ್ಟೆ ಮುಂದೆ ಬಂದ ಜೋಡಿ ಇನ್ನೊಂದರ ಕೆಳಗೆ, ಹುಟ್ಟಿದ ಮಗು ಬುಟ್ಟಿಯಲ್ಲಿ ಮೂರನೆಯದರ ಕೆಳಗೆ. ಜೀವನದ ಹದಿನಾರು ಸಂಸ್ಕಾರವೂ ಒಂದೇ ಸಾಲಿನಲ್ಲಿ. ಗಾಳಿ ಬಂದು ಹೂ ಉದುರುವವರೆಗೆ ಕಾಯಲು ಪುರುಸೊತ್ತಿಲ್ಲದ ಕ್ಯಾಮೆರಾದವನು ತನ್ನ ಹುಡುಗನಿಗೆ ಕೊಂಬೆ ಹಿಡಿದು ಅಲ್ಲಾಡಿಸಲು ಹೇಳುತ್ತಾನೆ. “ಇನ್ನೊಂದು ಸಲ ಜೋರಾಗಿ ಅಲ್ಲಾಡ್ಸೋ, ಮೇಡಂ ಕಣ್ಣು ಮುಚ್ಚಿಬಿಟ್ರು.” ಮೇಡಂ ಕಣ್ಣು ಮುಚ್ಚಿದ್ದು ಮೂಗಿನ ಮೇಲೆ ಇರುವೆ ಬಿದ್ದದ್ದಕ್ಕೆ.

ಆ ಹೊತ್ತಿಗೆ ಸರಿಯಾಗಿ ಉದ್ದ ಕಡ್ಡಿಪೊರಕೆ ಹಿಡಿದ ಹೆಂಗಸೊಬ್ಬಳು ದಾರಿ ಗುಡಿಸುತ್ತ ಬರುತ್ತಾಳೆ. ಕತ್ತಲಿರುವಾಗಲೇ ಮನೆ ಬಿಟ್ಟವಳು, ಎಂಟು ಗಂಟೆಯೊಳಗೆ ಆ ದಾರಿ ಮುಗಿಸಬೇಕು.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರೀರಿ, ಫ್ರೇಮಲ್ಲಿ ಬರ್ತಿದ್ದೀರ.”

ಸರಿಯುತ್ತಾಳೆ.

“ಅಮ್ಮಾ, ಆ ಹೂ ಗುಡಿಸ್ಬೇಡಿ, ಹಂಗೇ ಇರ್ಲಿ, ಚೆನ್ನಾಗಿದೆ.”

“ಬಿಟ್ರೆ ನಮ್ ಮೇಸ್ತ್ರಿ ಬಯ್ತಾರೆ ಸಾರ್.”

“ಐದೇ ನಿಮಿಷ.”

ಆ ಐದು ನಿಮಿಷ ಮುಗಿಯುವಷ್ಟರಲ್ಲಿ ಮುಂದಿನ ಜೋಡಿ ಬಂದಿರುತ್ತದೆ. ಅವಳು ಪೊರಕೆ ಊರಿಕೊಂಡು ಕಲ್ಲುಬೆಂಚಿನ ಪಕ್ಕ ನಿಲ್ಲುತ್ತಾಳೆ. ಬೆಂಚಿನ ಮೇಲೆ ಯಾರದೋ ಡ್ರೋನ್ ಪೆಟ್ಟಿಗೆ ಕೂತಿರುತ್ತದೆ. ಇಡೀ ಪಾರ್ಕಿನಲ್ಲಿ ಆ ಹೂವನ್ನು ಬಗ್ಗಿ ನೋಡುವವಳು ಅವಳೊಬ್ಬಳೇ, ಅವಳಿಗೆ ಅದು ಕಸ. ಅಂದವಾದ ಕಸ ಎಂದು ಅವಳ ಸಂಬಳದಲ್ಲಿ ಬೇರೆ ಕಾಲಂ ಇಲ್ಲ.

ಪಾರ್ಕಿನಲ್ಲಿ ‘ಹಂಗೇ ಇರ್ಲಿ’ ಎಂದ ಯಜಮಾನರೇ ಮನೆಗೆ ಬಂದ ಮೇಲೆ ಬೇರೆ ಮನುಷ್ಯ. ಅವರ ಗೇಟಿನ ಮುಂದೆಯೂ ಒಂದು ಟಬೆಬುಯಾ ಇದೆ. ಅದರ ಹೂವು ಕಾರಿನ ಗಾಜಿಗೆ ಅಂಟುತ್ತದೆ, ಎಲೆ ಸಂಪು ಸೇರುತ್ತದೆ, ಕೊಂಬೆ ಸಿಸಿಟಿವಿಗೆ ಅಡ್ಡ ಬರುತ್ತದೆ. ಆದ್ದರಿಂದ ಪಾಲಿಕೆಗೆ ದೂರು, ದೂರಿಗೆ ಉತ್ತರ ಬರುವುದು ತಡವಾದರೆ ಗೊತ್ತಿದ್ದವರ ಕೈಯಲ್ಲಿ ಮಚ್ಚು. ಬುಡದ ಸುತ್ತ ಮಣ್ಣು ಕಂಡರೆ ಅಸಹ್ಯವೆಂದು ಕಾಂಡಕ್ಕೆ ಬಿಗಿಯಾಗಿ ಸಿಮೆಂಟು ಹಾಕಿಸಿ ಮೇಲೆ ಟೈಲ್ಸ್ ಕೂರಿಸಿದ್ದಾರೆ. ಮಳೆಗಾಲದ ಮೊದಲ ಗಾಳಿಗೆ ಮರ ಬುಡಮೇಲಾಗಿ ಅವರ ಕಾರಿನ ಮೇಲೇ ಮಲಗಿದಾಗ, ಮರದ ಬೇರು ಗಟ್ಟಿ ಇರಲಿಲ್ಲ ಎಂದು ಟಿವಿಯವರಿಗೆ ಹೇಳುತ್ತಾರೆ. ಹೂವು ಎಲ್ಲರಿಗೂ ಬೇಕು, ಮರ ಮಾತ್ರ ಎದುರುಮನೆಯವರ ಮುಂದೆ ಇರಬೇಕು.

2024ರ ಮಾರ್ಚ್ ನೆನಪಿದೆಯೇ? ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ಬಂದರೆ ಅಪಾರ್ಟ್‌ಮೆಂಟಿನವರು ಅದಕ್ಕೆ ಆರತಿ ಎತ್ತುವುದೊಂದು ಬಾಕಿ ಇತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆ ಬರದಲ್ಲೂ ಮರಗಳು ಹೂ ಬಿಟ್ಟವು. ಅವು ಹೂ ಬಿಡುವುದು ಒಣ ಹವೆಗೆ. ಮಣ್ಣಿನ ತೇವ ಇಳಿದಾಗಲೇ ಎಲೆ ಕಳಚಿ ಇದ್ದ ಬಲವನ್ನೆಲ್ಲ ಹೂವಿಗೆ ಹಾಕುತ್ತವೆ. ನಲ್ಲಿಯಲ್ಲಿ ನೀರಿಲ್ಲದ ಜನ, ಬೇರಿಗೆ ನೀರಿಲ್ಲದ ಮರದ ಕೆಳಗೆ ನಿಂತು, ಬೆಂಗಳೂರಿನ ಹವೆಯೇ ಹವೆ ಎಂದು ಬರೆದು ಫೋಟೋ ಹಾಕಿದರು.

ಇಷ್ಟು ಗಲಾಟೆಯಲ್ಲಿ ನಮ್ಮದೇ ನೆಲದ ಮರಗಳನ್ನು ಕೇಳುವವರೇ ಇಲ್ಲ. ಹೊಂಗೆಯ ಕೆಳಗೆ ಅದೇ ಕಾಲದಲ್ಲಿ ತಿಳಿನೇರಳೆ ಬಣ್ಣದ ಹೂಪುಡಿ ರಾಶಿ ಬಿದ್ದಿರುತ್ತದೆ. ಯಾರೂ ಅದರ ಮೇಲೆ ಸೀರೆ ಹರಡಿಕೊಂಡು ಕೂರುವುದಿಲ್ಲ. ಬೇವು ಹೂ ಬಿಟ್ಟಿರುವುದು ನಮಗೆ ಯುಗಾದಿಯ ಹಿಂದಿನ ಸಂಜೆ ಮಾತ್ರ ಜ್ಞಾಪಕಕ್ಕೆ ಬರುತ್ತದೆ. ಪಾರ್ಕಿನ ಬೇವಿನ ಮರದ ಕೆಳಗೇ ಕಾರು ನಿಲ್ಲಿಸಿ, ಮಾರ್ಕೆಟ್ಟಿಗೆ ನಡೆದು, ಒಂದು ಹಿಡಿ ಬೇವಿನ ಹೂವಿಗೆ ಚೌಕಾಸಿ ಮಾಡುತ್ತೇವೆ. ಮುತ್ತುಗ ಕಾಣಬೇಕಾದರೆ ಊರು ದಾಟಬೇಕು. ಅವುಗಳದೂ ತಪ್ಪಿದೆ. ಯಾವುದಾದರೂ ದೇಶವನ್ನು ಹೋಲುವ ಪ್ರಯತ್ನವನ್ನೇ ಅವು ಮಾಡಲಿಲ್ಲ.

ಸರ್ಕಾರಗಳಿಗೆ ಮರದ ಮೇಲೆ ಪ್ರೀತಿ ಇಲ್ಲ ಎನ್ನಲಾರೆ. ಪ್ರೀತಿ ಇರುವುದರಿಂದಲೇ ಉದ್ಯಾನಗಳನ್ನು ಕಾಪಾಡಲು 1975ರಲ್ಲಿ ಒಂದು ಕಾಯ್ದೆ, ಮರಗಳಿಗಾಗಿ 1976ರಲ್ಲಿ ಇನ್ನೊಂದು ಕಾಯ್ದೆ ಬಂದವು. ಪ್ರೀತಿ ಉಕ್ಕಿದಾಗ ರಸ್ತೆ ಯೋಜನೆಯೂ ಬರುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಹಾಕಲು ಹೊರಟಾಗ ಬಲಿಗೆ ನಿಂತ ಮರಗಳು 812. ಜನ ಕೈಕೈ ಹಿಡಿದು ರಸ್ತೆಯಲ್ಲಿ ನಿಂತರು, ಮರುವರ್ಷ ಯೋಜನೆ ಬಿದ್ದುಹೋಯಿತು. ಇನ್ನೊಂದು ಕಾಲ ಬಂದಿತು, ಮೇಲೆ ಬೇಡವಾದರೆ ಕೆಳಗೆ ಎಂದು ಸುರಂಗ ರಸ್ತೆ ಹೊಳೆಯಿತು. ಅದರ ಬಾಯಿ ಲಾಲ್‌ಬಾಗಿನ ಜಾಗದಲ್ಲೇ ತೆರೆಯುವ ನಕ್ಷೆ ಹೊರಬಿದ್ದು 2025ರಲ್ಲಿ ಮತ್ತೆ ಗದ್ದಲ. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಬಂಡೆ ಲಾಲ್‌ಬಾಗಿನಲ್ಲಿದೆ. ಹೈದರ ಅಲಿ 1760ರಲ್ಲಿ ತೋಟ ಹಾಕಿಸುವಾಗ ಅದನ್ನು ಸುಮ್ಮನೆ ಬಿಟ್ಟ. ಪಾಪ, ಅವನ ಹತ್ತಿರ ಸುರಂಗ ಕೊರೆಯುವ ಯಂತ್ರ ಇರಲಿಲ್ಲ.

ಈ ಊರಿನ ನೆರಳಿನ ದೊಡ್ಡ ಪಾಲು 1980ರ ದಶಕದ್ದು. ಆಗ ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ ಬೀದಿ ಬೀದಿಯ ಜನರನ್ನು ಹಿಡಿದು, ಹೊಂಡ ತೋಡಿಸಿ, ಬಿಡಾಡಿ ದನ ಮೇಯದಂತೆ ಬೇಲಿ ಕಟ್ಟಿಸಿ ಹದಿನೈದು ಲಕ್ಷದಷ್ಟು ಗಿಡ ಬೆಳೆಸಿದರು. ಅವರು ಹೋಗಿದ್ದು 2021ರಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ. ಅವರನ್ನು ಗಾಜಿನ ಮನೆಯಲ್ಲಿ ಹೂವಿನಿಂದ ಮಾಡುವ ಆಲೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಕೈಬಿಡಿ. ಅವರು ನೆಟ್ಟಿದ್ದಕ್ಕೆ ಈಗ ನಲವತ್ತು ದಾಟಿದೆ, ಬಿದ್ದವುಗಳ ಜಾಗ ಖಾಲಿ ಇದೆ, ಅದಕ್ಕೊಂದು ಸಸಿ ತನ್ನಿ.

ಇನ್ನು ನೀವು. ಬರುವ ಮಾರ್ಚ್‌ನಲ್ಲಿ ಪಾರ್ಕಿಗೆ ಹೋಗಿಯೇ ಹೋಗುತ್ತೀರಿ, ಬೇಡ ಎನ್ನುವುದಕ್ಕೆ ನಾನ್ಯಾರು. ಫೋಟೋನೂ ತೆಗೆದುಕೊಳ್ಳಿ. ಕೊಂಬೆ ಅಲ್ಲಾಡಿಸಬೇಡಿ. ಮನೆ ಮುಂದಿನ ಮರದ ಬುಡದಿಂದ ಸಿಮೆಂಟು ಒಡೆಸಿ ಒಂದು ಮೊಳ ಮಣ್ಣು ಬಿಡಿ. ಪೊರಕೆ ಹಿಡಿದ ಆ ಹೆಂಗಸು ಬಂದರೆ ಈ ಸಲ ನೀವೇ ಪಕ್ಕಕ್ಕೆ ಸರೀರಿ, ಅವಳು ಎಂಟು ಗಂಟೆಯೊಳಗೆ ಕೆಲಸ ಮುಗಿಸಬೇಕಾಗಿದೆ.