ಸತ್ತ ಮೀನಿನ ಹಾಜರಿ

ಎಲ್ಲ ಕಡೆ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೇಜು, ಕುರ್ಚಿ ಕೊಡುತ್ತಾರೆ. ನಮ್ಮ ಅಕ್ಕನ ಮಗಳಿಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾಲ್ಮನ್ ಲ್ಯಾಬಿನಲ್ಲಿ ಕೊಟ್ಟಿದ್ದು ಎದೆಮಟ್ಟ ಬರುವ, ಬೂಟಿಗೇ ಅಂಟಿಕೊಂಡ ಒಂದು ರಬ್ಬರ್ ಪ್ಯಾಂಟು. ವೇಡರ್ ಅನ್ನುತ್ತಾರೆ. ಅವಳಲ್ಲಿಗೆ ಹೋಗಿದ್ದಾಗ, ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ನಾನೂ ಒಮ್ಮೆ ತೊಟ್ಟುಕೊಂಡೆ. ತೊಡುವುದಕ್ಕೆ ಒಬ್ಬರು ಸಾಕು, ಕಳಚುವುದಕ್ಕೆ ಇಬ್ಬರು ಬೇಕು! ನಾನು ಸೋಫಾದ ಮೇಲೆ ಅಂಗಾತ ಬಿದ್ದಿದ್ದೆ, ಅವಳು ಬೂಟು ಜಗ್ಗುತ್ತಾ, "ಮಾಮ, ಸೊಂಟದ ಬೆಲ್ಟ್ ಬಿಗೀಬೇಕು. ಇಲ್ಲಾಂದ್ರೆ ಹೊಳೇಲಿ ಬಿದ್ರೆ ಒಳಗೆ ನೀರು ತುಂಬ್ಕೊಳ್ಳತ್ತೆ" ಎಂದು ಪಾಠ ಹೇಳಿದಳು. ಆ ಬೆಲ್ಟು ನನ್ನ ಸೊಂಟವನ್ನು ಸುತ್ತಿ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ನಳಿಗೆ ಎಂದುಕೊಂಡಿದ್ದೆ. ಇವಳು ಚಳಿಯಲ್ಲಿ ಹೊಳೆಗಿಳಿದು ಸತ್ತ ಮೀನು ಎಣಿಸುತ್ತಾಳೆ. ಪೆಸಿಫಿಕ್ ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಲ್ಲಿ. ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ಬಂದು, ಇಟ್ಟು ಸಾಯುತ್ತದೆ. ಎಣಿಸಿದ ಮೀನಿನ ಬಾಲ ಕತ್ತರಿಸಿಬಿಡುತ್ತಾರೆ, ಮುಂದಿನ ವಾರ ಬಂದವರು ಅದನ್ನೇ ಮತ್ತೆ ಎಣಿಸಬಾರದಲ್ಲ. ಓಟು ಹಾಕಿದವರ ಬೆರಳಿಗೆ ನಮ್ಮ ಮೈಸೂರಿನ ಶಾಯಿ ಹಚ್ಚಿದ ಹಾಗೆ. ಆಮೇಲೆ ತಲೆ ಸೀಳಿ, ಚಿಮಟದಲ್ಲಿ ಕಿವಿಯೊಳಗಿನ ಪುಟ್ಟ ಕಲ್ಲು ತೆಗೆಯುತ್ತಾರೆ. ಸೂಕ್ಷ್ಮದರ್ಶಕದಡಿ ಅದರ ಉಂಗುರ ಎಣಿಸಿದರೆ ಮೀನಿನ ವಯಸ್ಸು ಗೊತ್ತಾಗುತ್ತದೆ. ಹೊಸಬರ ಕೈಯಲ್ಲಿ ಕಲ್ಲಿಗಿಂತ ಮೊದಲು ಬೇರೆ ಏನೇನೋ ಬರುತ್ತದಂತೆ. ಊಟದ ಹೊತ್ತಾದ್ದರಿಂದ ನಾನು ವಿವರ ಕೇಳಲಿಲ್ಲ.

ವಾಸನೆ ಮಾತ್ರ ಕೇಳದಿದ್ದರೂ ತಿಳಿಯಿತು. ಹೊಳೆಯಿಂದ ಅವಳು ನೇರ ಬಸ್ಸು ಹತ್ತಿದರೆ ಪಕ್ಕದ ಸೀಟು ಕೊನೇ ಸ್ಟಾಪಿನ ತನಕ ಖಾಲಿ. ಸಾಲ್ಮನ್ ತನ್ನ ಹೊಳೆಯನ್ನು ಗುರುತು ಹಿಡಿಯುವುದೂ ವಾಸನೆಯಿಂದಲೇ. ಇದು ಹೊಳೆದದ್ದು ವಿಸ್ಕಾನ್ಸಿನ್ನಿನ ವಿಜ್ಞಾನಿ ಆರ್ಥರ್ ಹ್ಯಾಸ್ಲರ್‌ಗೆ. ತಾನು ಬೆಳೆದ ಯೂಟಾದ ಬೆಟ್ಟದಲ್ಲಿ, ಜಲಪಾತದ ಹತ್ತಿರ ಗಿಡಗಳ ಗಂಧ ಮೂಗಿಗೆ ಬಡಿದು ಬಾಲ್ಯವೆಲ್ಲ ನೆನಪಾಯಿತಂತೆ. ಮುಂದೆ ಅವರ ತಂಡ ಮರಿಗಳಿಗೆ ಒಂದು ರಾಸಾಯನಿಕದ ವಾಸನೆ ಅಭ್ಯಾಸ ಮಾಡಿಸಿ, ಅದನ್ನೇ ಬೇರೊಂದು ಹೊಳೆಗೆ ಬೆರೆಸಿತು. ದೊಡ್ಡವಾದ ಮೀನುಗಳು ಅಲ್ಲಿಗೇ ಬಂದವು, ಪಾಪ.

"ಸತ್ತ ಮೀನು ಎಣಿಸೋಕೆ ಅಷ್ಟು ದೂರ ಹೋಗಬೇಕಿತ್ತಾ?" ಎಂದು ನಮ್ಮಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ಬೇಸಿಗೆಯಲ್ಲಿ ಮೊಮ್ಮಗಳು ಇನ್ನೂ ದೂರ, ಅಲಾಸ್ಕಾಕ್ಕೆ ಹೊರಟಿದ್ದಾಳೆ. 1940ರ ದಶಕದಿಂದಲೂ ಇವರ ವಿಶ್ವವಿದ್ಯಾಲಯ ಅಲ್ಲಿ ಸಾಲ್ಮನ್ ಅಧ್ಯಯನ ನಡೆಸುತ್ತಿದೆ. ಅಲ್ಲಿನ ಹೊಳೆಗಳಿಗೆ ಮೀನು ಹುಡುಕಿಕೊಂಡು ಕರಡಿಗಳೂ ಬರುತ್ತವೆ. "ಅದೊಂದನ್ನ ಅಜ್ಜಿಗೆ ಹೇಳ್ಬೇಡ ಮಾಮ" ಎಂದಿದ್ದಾಳೆ. ಸೊಳ್ಳೆ ಜಾಸ್ತಿಯಂತೆ ಎಂದಷ್ಟೇ ಹೇಳಿದ್ದೇನೆ. ಅಮ್ಮ ಓಡೋಮಾಸ್ ಕಳಿಸುವ ಏರ್ಪಾಟಿನಲ್ಲಿದ್ದಾಳೆ.